ಒಂದೇ ಪದರದ ಹೊಲಿಗೆ

ತಿಲಕ್ ನಗರದ ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಿದ್ದ ಮೀನಾಕ್ಷಮ್ಮನ ಕಿವಿಗೆ ಆ ಮಾತು ಬಿತ್ತು. ಆಗಷ್ಟೇ ಎರಡನೇ ಸಿಜೇರಿಯನ್ ಆದ ಬಾಣಂತಿಯ ತಾಯಿ ಶಿವವ್ವ ಡಾಕ್ಟರನ್ನು ತಡೆದು ನಿಲ್ಲಿಸಿದ್ದರು.

“ಗರ್ಭಚೀಲ ಎಷ್ಟು ಪದರ ಹೊಲದ್ರಿ, ಡಾಕ್ಟ್ರ?”

“ಎರಡು, ಅಮ್ಮ.”

“ಮೊದಲನೇ ಸಿಜೇರಿಯನ್‌ನಾಗ ಆ ಡಾಕ್ಟರಮ್ಮ ಒಂದ ಪದರ ಹಾಕಿದ್ರಂತ್ರಿ. ನಾ ಹಳೇ ಬಟ್ಟಿ ಪದರ ಕೂಡಿಸಿ ಕೌದಿ ಹೊಲಿಯಾಕಿ, ಒಂದ ಪದರ ತಡಿಯಂಗಿಲ್ಲಂತ ಗೊತ್ತು. ಈ ಸಲ ಬಸಿರಾಗ ಹರದೀತು ಅಂತ ಒಂಬತ್ತ ತಿಂಗಳೂ ಆ ಡಾಕ್ಟರಮ್ಮನ್ನ ಬೈದೀನಿ.”

“ಹಳೇ ಹೊಲಿಗೆ ನಾನೇ ನೋಡ್ದೆ, ಎಲ್ಲೂ ಬಿಟ್ಟಿರ್ಲಿಲ್ಲ. ಒಂದು ಪದರ ಆದ್ರೂ ಎರಡಾದ್ರೂ ಗಾಯ ಕೂಡತ್ತೆ, ಬಿಗಿ ಹದವಾಗಿರ್ಬೇಕು ಅಷ್ಟೆ.”

ಶಿವವ್ವ ಕೈಮುಗಿದರು.

“ತಪ್ಪಾತು ಶಿವನ! ಮಗಳನ್ನ ಕಾದಾಕಿ ಆಕೀನ.”

“ನನಗೇನೂ ಇಲ್ವಾ?” ಡಾಕ್ಟರ್ ನಕ್ಕರು.

“ನಿಮಗ ಒಂದ ಕೌದಿ ಹೊಲದು ಕೊಡ್ತೀನ್ರಿ. ಈಗ ಆ ಡಾಕ್ಟರಮ್ಮನ ಹೆಸರ ಮಗಳ್ನ ಕೇಳ್ತೀನಿ. ಹೆಸರಿಲ್ದ ಬೈದೀನಿ, ಹೆಸರ ಹಿಡದು ಹರಸಬೇಕು,” ಎನ್ನುತ್ತ ಶಿವವ್ವ ವಾರ್ಡಿನ ಕಡೆ ನಡೆದರು.