ನಕ್ಷೆಯಲ್ಲಿದ್ದ ಎರಡನೆಯ ಬಾಗಿಲು

ಅಧ್ಯಕ್ಷ ಪೀಠವನ್ನು ಅಲಂಕರಿಸಿರುವ ಪೂಜ್ಯ ಫಾದರ್ ಮೊಂತೇರೊ ಸ್ವಾಮಿಗಳೇ, ಲಿಂಗಸುಗೂರಿನಿಂದ ದಯಮಾಡಿಸಿರುವ ತಹಶೀಲ್ದಾರ್ ಸಾಹೇಬರೇ, ಈ ಹೊಲವನ್ನು ನಮಗೆ ಬಿಟ್ಟುಕೊಟ್ಟ ಶ್ರೀ ಕರಿಬಸಯ್ಯನವರೇ, ಇಂದಿನ ಸನ್ಮಾನಕ್ಕೆ ಪಾತ್ರರಾದ ನನ್ನೇಸಾಬ ಮೇಸ್ತ್ರಿಗಳೇ, ಮಸ್ಕಿಯ ಹಿರಿಯರೇ, ಮುಕ್ಕುಂದ, ಸಾಲಗುಂದ, ಹಟ್ಟಿಗಳಿಂದ ಬಂದಿರುವ ಬಂಧುಗಳೇ, ತಾಯಂದಿರೇ, ಸಭಿಕರೇ,

ಸ್ವಾಗತದ ಎರಡು ಮಾತು ಆಡು ಎಂದು ಫಾದರ್ ಸ್ವಾಮಿಗಳು ಅಪ್ಪಣೆ ಕೊಟ್ಟಿದ್ದಾರೆ. ತಹಶೀಲ್ದಾರ್ ಸಾಹೇಬರಿಗೆ ನನ್ನ ಪರಿಚಯವಿರಲಾರದು. ನಾನು ಇನ್ನಾಸಪ್ಪ ಮಾಸ್ತರ. ಇಪ್ಪತ್ತೆಂಟು ವರ್ಷ ಮಿಷನ್ ಶಾಲೆಯಲ್ಲಿ ಪಾಠ ಹೇಳಿದವನು. ನನ್ನ ಎರಡು ಮಾತು ಎಂದರೆ ಎಷ್ಟು ಉದ್ದ ಎಂಬುದು ಇಲ್ಲಿರುವ ಅರ್ಧ ಜನಕ್ಕೆ ಗೊತ್ತು. ಅವರು ಆಗಲೇ ಗೋಡೆಗೆ ಒರಗಿ ಕೂತಿದ್ದಾರೆ.

ಯಾವ ಗೋಡೆ ಎಂದು ಸಾಹೇಬರು ಸುತ್ತ ನೋಡುತ್ತಿದ್ದಾರೆ. ಸಾಹೇಬರೇ, ತಮ್ಮ ಕುರ್ಚಿಯಿಂದ ನಾಲ್ಕು ಮಾರು ದೂರದಲ್ಲಿ ನೆಲದ ಮೇಲೆ ಒಂದು ಸುಣ್ಣದ ಗೆರೆ ಇದೆಯಲ್ಲ, ಅದು ನಮ್ಮ ಉತ್ತರದ ಗೋಡೆ. ಈಗ ನಾವೆಲ್ಲ ಕೂತಿರುವುದು ಬಯಲಿನಲ್ಲಿ ಎಂದು ತಾವು ತಿಳಿದಿರಬಹುದು. ಇಲ್ಲ, ನಾವು ದೇವಾಲಯದ ಒಳಗೇ ಕೂತಿದ್ದೇವೆ. ನಾಳೆ ಬೆಳಗ್ಗೆ ಈ ಗೆರೆಯ ಮೇಲೆ ಮೊದಲ ಗುದ್ದಲಿ ಬೀಳುತ್ತದೆ. ಅದಕ್ಕೂ ಮೊದಲು ಈ ಸುಣ್ಣದ ದೇವಾಲಯದ ಕಥೆಯನ್ನು ಒಬ್ಬರಾದರೂ ಹೇಳಬೇಕು. ನಾನು ಹೇಳದಿದ್ದರೆ ನನ್ನೇಸಾಬರು ಹೇಳುತ್ತಾರೆ. ಅವರು ಹೇಳಿದರೆ ನನ್ನ ಮಾನ ಉಳಿಯುವುದಿಲ್ಲ. ನಾನೇ ಹೇಳಿಕೊಂಡರೆ ಸ್ವಲ್ಪವಾದರೂ ಉಳಿದೀತು.

ನಮಗೆ ಹೊಸ ದೇವಾಲಯ ಏಕೆ ಬೇಕಾಯಿತು? ನನ್ನ ಮುತ್ತಜ್ಜ ಮುದಗಲ್ಲಿನಿಂದ ಇಲ್ಲಿಗೆ ಬಂದಾಗ ನಮ್ಮವು ಹನ್ನೊಂದು ಮನೆ. ಹನ್ನೊಂದು ಮನೆಗೆ ಒಂದು ಮಣ್ಣಿನ ಮಾಳಿಗೆಯ ಪ್ರಾರ್ಥನೆಯ ಮನೆ ಸಾಕಾಗಿತ್ತು. ಈಗ, ನಿಜಾಮ ಸರ್ಕಾರದ ಫಸಲಿ ಲೆಕ್ಕದ ಸಾವಿರದ ಮುನ್ನೂರೈವತ್ತರಲ್ಲಿ, ಫಾದರ್ ಸ್ವಾಮಿಗಳ ಲೆಕ್ಕದ ಸಾವಿರದ ಒಂಬೈನೂರ ನಲವತ್ತೊಂದರಲ್ಲಿ, ನಮ್ಮವು ನೂರು ಮನೆಯ ಮೇಲಾಗಿವೆ. ಮುಕ್ಕುಂದದವರು ಬಂದರು, ಸಾಲಗುಂದದವರು ಬಂದರು, ಹಟ್ಟಿಯ ಹಳೆಯ ಗಣಿಯಲ್ಲಿ ಮತ್ತೆ ಕೆಲಸ ಹಚ್ಚಿದ ಮೇಲೆ ಅಲ್ಲಿಯ ಕುಟುಂಬಗಳೂ ಬರತೊಡಗಿದವು. ಅರ್ಧ ಜನ ಒಳಗೆ, ಅರ್ಧ ಜನ ಬೇವಿನ ಮರದ ಕೆಳಗೆ. ಒಳಗಿನವರು ಯಾರು, ಹೊರಗಿನವರು ಯಾರು ಎಂದು ಯಾರೂ ಕೇಳಲಿಲ್ಲ. ಹಳೆಯ ಮನೆತನದವರು ಒಳಗೆ, ಹೊಸದಾಗಿ ಧರ್ಮಕ್ಕೆ ಬಂದವರು, ಅದರಲ್ಲೂ ಹಟ್ಟಿಯವರು, ಹೊರಗೆ. ಅವರಿಗೆ ಬಿಸಿಲು ರೂಢಿ ಎಂದು ನಾವು ಹೇಳುತ್ತಿದ್ದೆವು. ನಾವು ಎಂದರೆ ನಾನು. ಇದನ್ನು ನಾನು ಬರೆದುಕೊಂಡು ಬಂದಿರಲಿಲ್ಲ, ಆದರೆ ಬಾಯಿಗೆ ಬಂತು, ಇರಲಿ.

ಹೊಸ ಕಟ್ಟಡದ ಯೋಜನೆಗೆ ಐದು ಜನರ ಕಮಿಟಿ ಆಯಿತು. ಐದೂ ಜನ ಹಳೆಯ ಮನೆತನದವರೇ. ಫಾದರ್ ಸ್ವಾಮಿಗಳು ತಮ್ಮ ಮಂಗಳೂರು ಕಡೆಯ ಒಂದು ದೇವಾಲಯದ ನಕ್ಷೆ ತರಿಸಿದರು. ನನ್ನ ಹತ್ತಿರ ಸ್ಕೇಲೂ ಮಸಿಯೂ ಇದ್ದುದರಿಂದ ಅದನ್ನು ನಮ್ಮ ಊರಿಗೆ ಹೊಂದುವಂತೆ ಬರೆಯುವ ಕೆಲಸ ನನಗೆ ಬಂತು. ಆಮೇಲೆ ಮುಕ್ಕುಂದದಲ್ಲಿ ಮನೆ ಕಟ್ಟುತ್ತಿದ್ದ ನನ್ನೇಸಾಬ ಮೇಸ್ತ್ರಿಗಳನ್ನು ಕರೆಸಿದೆವು. ಅವರು ಕಾಗದವನ್ನು ಉದ್ದ ಹಿಡಿದರು, ಅಡ್ಡ ಹಿಡಿದರು, ಕಡಿದಾದ ಹೆಂಚಿನ ಸೂರನ್ನು ತುಂಬಾ ಹೊತ್ತು ನೋಡಿದರು.

"ಸೂರೇನೋ ಚಲೋ ಐತ್ರಿ ಸ್ವಾಮಿ. ಇದಕ್ಕ ಬೇಕಾಗೋ ಮಳೀನ ಎಲ್ಲಿಂದ ತರಸ್ತೀರಿ?" ಎಂದು ಕೇಳಿದರು.

ಫಾದರ್ ಸ್ವಾಮಿಗಳು ನಕ್ಕುಬಿಟ್ಟರು. ಸೂರು ಹೋಗಿ ನಮ್ಮ ಕಡೆಯ ಚಪ್ಪಟೆ ಮಾಳಿಗೆ ಬಂತು. ಆದರೆ ಕಾಗದದಲ್ಲಿ ಇನ್ನೊಂದು ಸಂಗತಿ ಇತ್ತು. ಮಂಗಳೂರಿನ ನಕ್ಷೆಯಲ್ಲಿ ಮುಂದೆ ಒಂದೇ ದೊಡ್ಡ ಬಾಗಿಲು. ನನ್ನ ನಕ್ಷೆಯಲ್ಲಿ ದಕ್ಷಿಣದ ಗೋಡೆಗೆ ಇನ್ನೊಂದು ಸಣ್ಣ ಬಾಗಿಲು. ಇದು ಏತಕ್ಕೆ ಎಂದು ಫಾದರ್ ಸ್ವಾಮಿಗಳು ಕೇಳಿದರು. ಗಾಳಿಗೆ ಎಂದೆ. ಗಾಳಿಗೆ ಕಿಟಕಿ ಸಾಲದೆ? ಗಾಳಿ ಎಂದಾದರೂ ನನಗೊಂದು ಬಾಗಿಲು ಇಡಿ ಎಂದು ಅರ್ಜಿ ಕೊಟ್ಟಿತ್ತೆ? ಆ ಬಾಗಿಲು ಯಾರಿಗೆ ಎಂಬುದು ಕಮಿಟಿಯ ಐವರಿಗೂ ಗೊತ್ತಿತ್ತು. ಹಟ್ಟಿಯವರು ಆ ಕಡೆಯಿಂದ ಬಂದು ಆ ಕಡೆಯೇ ಕೂತು ಆ ಕಡೆಯೇ ಹೋಗಲಿ ಎಂದು. ಬಿಸಿಲಂತೂ ತಪ್ಪುತ್ತದಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಸಭಿಕರೇ, ಹಟ್ಟಿಯವರಲ್ಲಿ ನನ್ನ ತಂಗಿಯೂ ಒಬ್ಬಳು. ಒಡಹುಟ್ಟಿದವಳು, ಚಿನ್ನಮ್ಮ. ಒಂಬತ್ತು ವರ್ಷದ ಹಿಂದೆ ಲಾಲಪ್ಪನವರನ್ನು ಮದುವೆಯಾದಳು. ಲಾಲಪ್ಪನವರ ತಂದೆ ಧರ್ಮಕ್ಕೆ ಬಂದು ಆಗ ಇನ್ನೂ ಐದು ವರ್ಷ. ಅವರು ಯಾವ ಕೇರಿಯಿಂದ ಬಂದವರು ಎಂದು ನಮ್ಮ ಮನೆಯಲ್ಲಿ ದೊಡ್ಡ ಮಾತಾಯಿತು. ಮದುವೆಗೆ ನಾನು ಹೋಗಲಿಲ್ಲ. ಜ್ವರ ಬಂದಿದೆ ಎಂದು ಹೇಳಿಕಳಿಸಿದೆ. ಆ ಜ್ವರ ಒಂಬತ್ತು ವರ್ಷ ಇತ್ತು. ಅಷ್ಟು ವರ್ಷವೂ ಅವಳು ನನ್ನ ಹೊಸ್ತಿಲು ತುಳಿಯಲಿಲ್ಲ, ನಾನೂ ತುಳಿ ಎನ್ನಲಿಲ್ಲ. ಬೇವಿನ ಮರದ ಕೆಳಗೆ ಅವಳು ನಿಂತಿರುವುದು ಒಳಗಿನಿಂದ ನನಗೆ ಕಾಣುತ್ತಿತ್ತು. ಅದಕ್ಕೇ ನಾನು ಕಿಟಕಿಗೆ ಬೆನ್ನು ಮಾಡಿ ಕೂರುತ್ತಿದ್ದೆ.

ಇರಲಿ, ನಕ್ಷೆಗೆ ಬರೋಣ. ನಿಜಾಮ ಸರ್ಕಾರದ ಮಂಜೂರಾತಿಗೆ ನಕ್ಷೆ ಹೋಯಿತು, ಠಸ್ಸೆ ಬಿದ್ದು ಬಂತು. ಆದರೂ ನನ್ನೇಸಾಬರಿಗೆ ಸಮಾಧಾನವಿಲ್ಲ.

"ಕಾಗದದ ಮ್ಯಾಲ ಎಲ್ಲಾರಿಗೂ ಜಾಗ ಆಗತೈತ್ರಿ ಮಾಸ್ತರ. ಮಂದಿ ಕೂಡೂದು ನೆಲದ ಮ್ಯಾಲ. ಒಂದ ಸಲ ನೆಲದ ಮ್ಯಾಲ ಹಾಕಿ ನೋಡೋಣು," ಎಂದರು.

ಹಗ್ಗ ಹಿಡಿದು, ಗೂಟ ಬಡಿದು, ಏಳು ಅಂಕಣದ ದೇವಾಲಯವನ್ನು ಸುಣ್ಣದಲ್ಲಿ ಇಲ್ಲಿ ಬರೆದರು. ಐತವಾರ ಎಲ್ಲರೂ ಬಂದು, ನಿಜವಾಗಿ ಕೂರುವ ಹಾಗೆ ಕೂತು ತೋರಿಸಬೇಕು ಎಂದು ಡಂಗುರ ಹೊಡೆಸಿದೆವು. ಕೂತರು. ಮಂಗಳೂರಿನ ಲೆಕ್ಕ ಬೆಂಚಿನದು, ನಮ್ಮದು ಚಕ್ಕಳಮಕ್ಕಳದ್ದು. ಮುದುಕಮ್ಮನವರು ಮಾತ್ರ ಕಾಲು ನೀಡಿ ಕೂತರು. ನಕ್ಷೆಯ ಲೆಕ್ಕದಲ್ಲಿ ಅವರೊಬ್ಬರೇ ಎರಡೂವರೆ ಮಂದಿ. ಕಾಲು ಮಡಚಿರಿ ಎಂದರೆ, "ಹೊಸ ಗುಡಿ ಕಟ್ಟೂದು ಮೊಣಕಾಲಿಗೆ ಸುಖ ಆಗ್ಲಿ ಅಂತನ ಹೌದಿಲ್ಲೋ?" ಎಂದರು.

ಜನ ಸೇರಿದ್ದಾರೆ, ಹೊತ್ತೂ ಆಗಿದೆ ಎಂದು ಫಾದರ್ ಸ್ವಾಮಿಗಳು ಅಲ್ಲಿಯೇ ಒಂದು ಮೇಜು ಇಡಿಸಿ ಪೂಜೆ ಮಾಡಿಬಿಟ್ಟರು. ಅಲ್ಲಿಗೆ ಕೆಲಸ ಕೆಟ್ಟಿತು. ಪೂಜೆ ಆದ ಮೇಲೆ ಅದು ಸುಣ್ಣವಾಗಿ ಉಳಿಯಲಿಲ್ಲ, ಗೋಡೆಯೇ ಆಯಿತು. ಮರುದಿನದಿಂದ ಒಬ್ಬರೂ ಗೆರೆ ದಾಟಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಮುಂದಿನ ಬಾಗಿಲಿಗೆಂದು ಗೆರೆ ಬಿಟ್ಟ ಜಾಗದಿಂದಲೇ ಒಳಗೆ ಬಂದು, ಅಲ್ಲಿಂದಲೇ ಹೋಗುತ್ತಿದ್ದರು. ಗೆರೆ ಎಳೆದ ನನ್ನೇಸಾಬರೂ ಅಳತೆಪಟ್ಟಿಯನ್ನು ಒಳಗೆ ಮರೆತು ಹೋಗಿದ್ದರೆ ಸುತ್ತುಹಾಕಿ ಬಾಗಿಲಿಂದ ಬರುತ್ತಿದ್ದರು. ಕರಿಬಸಯ್ಯನವರ ಎತ್ತಿನ ದಾರಿ ಈ ಹೊಲದ ನಡುವೆಯೇ ಇತ್ತು. ಒಂದು ದಿನ ಅವರು ನನ್ನನ್ನು ಕರೆದು, "ಮಾಸ್ತರ, ನಿಮ್ಮ ಗ್ವಾಡಿ ನನಗ ಕಾಣತೈತಿ. ಎತ್ತಿಗೆ ಕಾಣವಲ್ದು. ಅವಕ್ಕೂ ಸ್ವಲ್ಪ ಉಪದೇಶ ಮಾಡ್ರಿ," ಎಂದರು. ಹಾಗೆಂದವರು ಅಂದಿನಿಂದ ಇಂದಿನವರೆಗೆ ಎತ್ತುಗಳನ್ನು ಸುತ್ತು ದಾರಿಯಲ್ಲೇ ಹೊಡೆದಿದ್ದಾರೆ. ಕೊರಳಲ್ಲಿ ಲಿಂಗ ಕಟ್ಟಿದ ಆ ಹಿರಿಯರಿಗೆ ನಮ್ಮ ಗೋಡೆಯ ಮೇಲಿದ್ದ ಗೌರವವನ್ನು ನಾನು ಮರೆಯಲಾರೆ.

ಹಟ್ಟಿಯವರಿಗೆ ಗಣಿಯ ಪಾಳಿ ನೋಡಿಕೊಂಡು ತಿಂಗಳಿಗೊಮ್ಮೆ ಮಾತ್ರ ಬರಲು ಸಾಧ್ಯ. ಕೂತು ನೋಡಿದ ಆ ಮೊದಲ ಐತವಾರ ಅವರು ಬಂದಿರಲಿಲ್ಲ. ಲಿಂಗಸುಗೂರಿನವರೆಗೆ ಗಾಡಿ, ಅಲ್ಲಿಂದ ಮೋಟಾರು. ಅವರಿಗೆ ನಾನು ಮೊದಲೇ ಹೇಳಿಕಳಿಸಿದ್ದೆ, ನಿಮ್ಮ ಬಾಗಿಲು ದಕ್ಷಿಣಕ್ಕೆ ಎಂದು. ನಾಲ್ಕನೆಯ ಐತವಾರ ಅವರು ಬಂದಾಗ ಪೂಜೆ ಶುರುವಾಗಿತ್ತು. ಮೂವತ್ತು ನಲವತ್ತು ಮಂದಿ ನೇರವಾಗಿ ದಕ್ಷಿಣದ ಗೋಡೆಗೆ ಬಂದು ನಿಂತರು. ನೋಡುತ್ತಾರೆ, ಬಾಗಿಲಿಲ್ಲ. ಗೆರೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ. ನನ್ನೇಸಾಬರು ಎರಡನೆಯ ಬಾಗಿಲಿಗೆ ಜಾಗ ಬಿಡುವುದನ್ನೇ ಮರೆತಿದ್ದರು. ಮೂರು ವಾರ ಅಲ್ಲೇ ಓಡಾಡಿದ ನಾನೂ ನೋಡಿರಲಿಲ್ಲ. ನನಗೆ ಆ ಬಾಗಿಲಿನ ಅಗತ್ಯ ಯಾವತ್ತೂ ಇರಲಿಲ್ಲವಲ್ಲ.

ಏಪ್ರಿಲ್ ತಿಂಗಳು, ಒಂಬತ್ತೂವರೆಯ ಬಿಸಿಲು. ಸುಣ್ಣ ಗೋಡೆಯಾದ ಸುದ್ದಿ ಹಟ್ಟಿಗೂ ಮುಟ್ಟಿತ್ತು, ದಾಟಲು ಅವರು ಒಪ್ಪರು. ನಾನು ಆ ಗೋಡೆಯ ಪಕ್ಕದಲ್ಲೇ ಕೂತಿದ್ದೆ. ಈ ಸಲ ಬೆನ್ನು ಮಾಡಲು ಕಿಟಕಿ ಇರಲಿಲ್ಲ. ನನಗೂ ನನ್ನ ತಂಗಿಗೂ ನಡುವೆ ಎರಡು ಬೆರಳು ಅಗಲದ ಸುಣ್ಣ. ಅವಳು ಬಗ್ಗಿ, ಪೂಜೆಗೆ ಭಂಗವಾಗದ ಹಾಗೆ ಮೆಲ್ಲಗೆ ಕೇಳಿದಳು.

"ಅಣ್ಣಾ, ನಮ್ಮ ಬಾಗ್ಲ ಎಲ್ಲೈತಿ?"

ಒಂಬತ್ತು ವರ್ಷದ ಮೇಲೆ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು. ಕಾಲಿನಿಂದ ಒಂದಿಷ್ಟು ಸುಣ್ಣ ಒರೆಸಿದ್ದರೆ ನನ್ನ ನಕ್ಷೆಯ ಬಾಗಿಲು ಆಗುತ್ತಿತ್ತು. ಕಾಲು ಏಳಲಿಲ್ಲ. ನಾಚಿಕೆಯಾಯಿತು, ಸಭಿಕರೇ. ನೂರಾರು ಮಂದಿಯ ನಡುವೆ ನನ್ನೊಬ್ಬನಿಗೇ ಗೊತ್ತಿದ್ದ ನಾಚಿಕೆ.

ಪೂಜೆಯ ನಡುವೆ ನಾನು ಎದ್ದೆ. ಮುಂದಿನ ಬಾಗಿಲಿಂದ ಹೊರಗೆ ಹೋದೆ. ಚಪ್ಪಲಿಯ ಗುಡ್ಡೆಯಲ್ಲಿ ನನ್ನದೊಂದು ಸಿಕ್ಕಿತು, ಇನ್ನೊಂದು ಯಾರದೋ. ಎರಡನ್ನೂ ಮೆಟ್ಟಿಕೊಂಡು ಕುಂಟುತ್ತಾ ಏಳು ಅಂಕಣ ಸುತ್ತಿ ದಕ್ಷಿಣಕ್ಕೆ ಹೋಗಿ ನಿಂತೆ.

"ಬಾ ಚಿನ್ನಮ್ಮ, ಎಲ್ಲಾರೂ ಬರ್ರಿ. ಬಾಗ್ಲ ಒಂದ ಐತಿ. ಆ ಕಡೆ ಐತಿ," ಎಂದೆ.

ಲಾಲಪ್ಪನವರು ನನ್ನ ಕಾಲಿನ ಜೋಡಿಯಲ್ಲದ ಚಪ್ಪಲಿ ನೋಡಿದರು, ಮುಖ ನೋಡಿದರು. "ಜ್ವರ ಬಿಡ್ತೇನ್ರಿ ಮಾಸ್ತರ?" ಎಂದರು. ಭಾವ ಎನ್ನಲಿಲ್ಲ, ಮಾಸ್ತರ ಎಂದರು. ಅದು ಸರಿಯೇ.

ಎಲ್ಲರೂ ಒಳಗೆ ಬಂದು ಕೂತಾಗ ಮೊಣಕಾಲೂರಲು ಜಾಗವಿಲ್ಲ. ದೇವಾಲಯ ಸಣ್ಣದಾಯಿತು ಎಂದು ಅಂದೇ ತಿಳಿಯಿತು. ಏಳು ಅಂಕಣ ಹೋಗಿ ಒಂಬತ್ತಾಯಿತು. ಹಿಂದಿನ ಗೋಡೆ ಸರಿಸಬೇಕಲ್ಲ, ಅದನ್ನು ಒರೆಸಲು ಯಾರೂ ಮುಂದೆ ಬರಲಿಲ್ಲ. ಫಾದರ್ ಸ್ವಾಮಿಗಳು ತೀರ್ಥ ಚಿಮುಕಿಸಿ, ತಾವೇ ಪೊರಕೆ ಹಿಡಿದು ಗುಡಿಸಿದರು. ಕಾಗದದಲ್ಲಿ ಆಗಿದ್ದರೆ ಮಸಿ ಕೆರೆದು ಮುಗಿಯುವ ಕೆಲಸ.

ಮಂಜೂರಾದ ನಕ್ಷೆ ಬದಲಾಯಿತಲ್ಲ, ಇನ್ನೇನು ಗತಿ ಎಂದು ನಾನು ಹೆದರಿಕೊಂಡು ತಹಶೀಲ್ದಾರ್ ಸಾಹೇಬರಿಗೆ ಅರ್ಜಿ ಬರೆದು, ಕಚೇರಿಯ ಗುಮಾಸ್ತರ ಕೈಯಲ್ಲಿ ಕಳಿಸಿದೆ. ಸಾಹೇಬರ ಉತ್ತರವನ್ನು ಗುಮಾಸ್ತರು ಬಂದು ಹೇಳಿದರು. "ಅಂಕಣಕ್ಕ ಹೊಸಾ ಮಂಜೂರಿ ಕೊಟ್ಟಾರ. ದರವಾಜಾ ಜಾಸ್ತಿ ಆದ್ರ ಕೇಳತೀವಿ, ಕಮ್ಮಿ ಆದ್ರ ನಿಮ್ಮ ಖುಷಿ ಅಂದಾರ." ಸಾಹೇಬರೇ, ತಮ್ಮ ಆ ಒಂದು ವಾಕ್ಯವನ್ನು ಕಲ್ಲಿನಲ್ಲಿ ಕೆತ್ತಿಸಬೇಕೆಂದು ನನ್ನ ಆಸೆ.

ಈಗ ಸನ್ಮಾನದ ಮಾತು. ಹಟ್ಟಿಯವರು ಬಂದ ಆ ಐತವಾರ ಸಂಜೆಯೇ ನನ್ನೇಸಾಬರನ್ನು ನಾನು ಹಿಡಿದು ಕೇಳಿದ್ದೆ, ಬಾಗಿಲು ಹೇಗೆ ಮರೆತಿರಿ ಎಂದು. ಅವರು ಎಲೆ ಅಡಿಕೆ ಮಡಚುತ್ತಾ, "ನಕ್ಷಾದಾಗ ಅಲ್ಲಿ ನಿಮ್ಮ ಬೆರಳಿನ ಮಸಿ ಹತ್ತಿತ್ರಿ. ಬಾಗ್ಲೋ ಕಲೀನೋ ತಿಳೀಲಿಲ್ಲ. ಕಲಿ ಅಂತ ಬಿಟ್ಟೆ," ಎಂದರು. ನಲವತ್ತು ವರ್ಷ ಮನೆ ಕಟ್ಟಿದವರಿಗೆ ಬಾಗಿಲಿಗೂ ಮಸಿ ಕಲೆಗೂ ವ್ಯತ್ಯಾಸ ತಿಳಿಯದೆ? ಎಷ್ಟು ಕೇಳಿದರೂ ಅವರು ಅದಕ್ಕಿಂತ ಹೆಚ್ಚು ಹೇಳಿಲ್ಲ. ಈಗಲೂ ನೆಲ ನೋಡಿ ನಗುತ್ತಿದ್ದಾರೆ, ನೀವೇ ನೋಡಿ. ತಪ್ಪು ಮಾಡಿದವರಿಗೆ ರುಮಾಲು ಸುತ್ತಿ ಶಾಲು ಹೊದಿಸುವ ಸಭೆ ಬಹುಶಃ ಇದೊಂದೇ ಇದ್ದೀತು. ಅವರು ಹಾಕಿದ ಗೋಡೆಯಲ್ಲಿ ಇನ್ನು ಬಿರುಕು ಬರಲಾರದು.

ಮುಗಿಸುತ್ತೇನೆ. ಒಂದು ಮಾತು ಉಳಿದಿದೆ. ಆ ಐತವಾರ ಪೂಜೆ ಮುಗಿದು ಮೋಟಾರಿಗೆ ಹೊರಡುವಾಗ ಚಿನ್ನಮ್ಮ ನನ್ನ ಹತ್ತಿರ ಬಂದಿದ್ದಳು. "ದೇವ್ರ ಮನಿ ಬಾಗ್ಲ ತೋರ್ಸಿದಿ ಅಣ್ಣಾ. ನಿನ್ನ ಮನಿ ಬಾಗ್ಲ ಯಾವ ಕಡೆ ಐತಿ, ನನಗ ಮರ್ತೈತಿ," ಎಂದಳು. ಮೋಟಾರು ಹಾರ್ನ್ ಹೊಡೆಯುತ್ತಿತ್ತು. ಮೋಟಾರು ತಪ್ಪೀತು, ಹೊರಡು ಎಂದೆ. ಹಾರ್ನಿನ ನೆವ ಸಿಕ್ಕಿತು ಎನ್ನಿ. ಆಮೇಲೆ ಒಂದು ತಿಂಗಳು ನನಗೆ ಸರಿಯಾಗಿ ಊಟ ಸೇರಲಿಲ್ಲ.

ಚಿನ್ನಮ್ಮ, ನೀನು ಹೆಂಗಸರ ಕಡೆ ಮೂರನೆಯ ಸಾಲಿನಲ್ಲಿ ಕೂತಿರುವುದು ನನಗೆ ಕಾಣುತ್ತಿದೆ. ಜವಾಬು ತಡವಾಯಿತು. ನಮ್ಮ ಮನೆಯ ಬಾಗಿಲು ಮೂಡಲಿಗೆ ಇದೆ, ನೀನು ಆಡಿ ಬೆಳೆದ ಕಟ್ಟೆಯ ಪಕ್ಕದಲ್ಲಿ. ಇರುವುದು ಒಂದೇ ಬಾಗಿಲು. ನಿನ್ನ ಅತ್ತಿಗೆ ಬೆಳಗಿನಿಂದ ಹೋಳಿಗೆ ಮಾಡುತ್ತಿದ್ದಾಳೆ. ಈ ಸಭೆಯ ಊಟ ನಮ್ಮ ಮನೆಯಲ್ಲಿ, ಮೊದಲ ಪಂಕ್ತಿ ಹಟ್ಟಿಯವರದು. ಲಾಲಪ್ಪನವರೇ, ಪಾಳಿ ಇದೆ ಎಂದು ಏಳಬೇಡಿ. ಪಾಳಿ ನಾಡಿದ್ದು ಎಂದು ವಿಚಾರಿಸಿಕೊಂಡೇ ನಾನು ಇಲ್ಲಿ ನಿಂತಿದ್ದೇನೆ.

ಅವಳು ಸೆರಗನ್ನು ಬಾಯಿಗೆ ಹಿಡಿದಿದ್ದಾಳೆ. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಇಲ್ಲಿಂದ ತಿಳಿಯುತ್ತಿಲ್ಲ. ಎರಡೂ ನಡೆಯುತ್ತದೆ. ಲಾಲಪ್ಪನವರು ಮಾತ್ರ ಕೈ ಎತ್ತಿ, ಆಗಲಿ ಭಾವ ಎನ್ನುವ ಹಾಗೆ ತಲೆ ಆಡಿಸಿದರು. ಭಾವ ಎಂದೇ ನಾನು ತಿಳಿದುಕೊಳ್ಳುತ್ತೇನೆ.

ಹೊಲ ಕೊಟ್ಟವರಿಗೆ, ಠಸ್ಸೆ ಹಾಕಿದವರಿಗೆ, ಪೂಜೆ ಮಾಡಿ ಗೋಡೆ ಎಬ್ಬಿಸಿದವರಿಗೆ, ಬಾಗಿಲು ಮರೆತವರಿಗೆ, ಇಷ್ಟು ಹೊತ್ತು ಕೂತವರಿಗೆ ನನ್ನ ತುಂಬು ಹೃದಯದ ವಂದನೆಗಳು. ಊಟಕ್ಕೆ ಏಳುವಾಗ ಅವಸರ ಮಾಡಬೇಡಿ. ದಯವಿಟ್ಟು ಎಲ್ಲರೂ ಬಾಗಿಲಿನಿಂದಲೇ ಹೋಗಿ. ನಮಸ್ಕಾರ.