ಮೂರು ಸಲ ಬಿದ್ದವರು

ಕುವೆಂಪುನಗರದ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಸರದಿ ಕಾಯುತ್ತಿದ್ದ ಸಿಂಚನಳ ಎದುರಿಗೆ ಅಕ್ಕ ತಮ್ಮ ಇಬ್ಬರು ಕೂತಿದ್ದರು. ಅಪಘಾತದಲ್ಲಿ ತಮ್ಮನ ಒಂದು ಕಾಲು ಹೋಗಿ, ಈಗ ಕೃತಕ ಕಾಲು ಬಂದಿತ್ತು. ಅವನು ಗಳಿಗೆಗೊಮ್ಮೆ ಹೊರಬಾಗಿಲ ಕಡೆ ನೋಡುತ್ತಿದ್ದ. ಸಿಂಚನ ಮೊಬೈಲ್ ನೋಡುವವಳಂತೆ ತಲೆ ತಗ್ಗಿಸಿದಳು.

"ಮನೆಗೆ ಹೋಗ್ಬುಡೋಣ ಕಣಕ್ಕ. ನಿನ್ನೆ ಎಲ್ಲರ ಮುಂದೆ ಬಿದ್ದೆ."

"ಬಿದ್ರೆ ಏನಾಯ್ತೀಗ? ಯೇಸುಸ್ವಾಮಿ ಶಿಲುಬೆ ಹೊತ್ಕೊಂಡು ಮೂರು ಸಲ ಬೀಳಲಿಲ್ವೇನೋ?"

"ಅವರು ದೇವರು, ಎದ್ರು."

"ಅವರೂ ಒಬ್ಬರೇ ಹೊರಲಿಲ್ಲ ಕಣೋ. ಸಿಮೋನ ಅನ್ನೋನು ಬಂದು ಹೆಗಲು ಕೊಟ್ಟ. ನೀನು ಯಾರನ್ನೂ ಹತ್ರ ಸೇರಿಸಲ್ಲ."

ಅವನು ಕೃತಕ ಕಾಲಿನ ಪಟ್ಟಿಯನ್ನು ಬಿಗಿ ಮಾಡಿಕೊಂಡ.

"ಇಗ್ನೇಷಿಯಸ್!" ಒಳಗಿನಿಂದ ಕೂಗಿದರು.

ಅವನು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ.

"ಸ್ವಲ್ಪ ಬಗ್ಗಕ್ಕ," ಎಂದು ಅವಳ ಹೆಗಲು ಹಿಡಿದು ಎದ್ದ. ಇಬ್ಬರೂ ನಿಧಾನವಾಗಿ ಒಳಗೆ ಹೋದರು.