ಎರಡನೇ ಗೋಡೆಯ ಇಟ್ಟಿಗೆ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ಗಂಗಾಧರಯ್ಯನವರೇ, ಈಗ ತಾನೇ ನನಗೆ ಶಾಲು ಹೊದಿಸಿದ ಗಣ್ಯರೇ, ಕೊಬ್ಬರಿ ವರ್ತಕರ ಸಂಘದ ಹಿರಿಯರೇ, ಮೂರನೇ ಸಾಲಿನಲ್ಲಿ ಕೂತು ಮೊಬೈಲಿನಲ್ಲಿ ನನ್ನ ವಿಡಿಯೊ ಮಾಡುತ್ತಿರುವ ನಮ್ಮಪ್ಪನವರೇ, ಸಭಿಕರೇ, ಎಲ್ಲರಿಗೂ ವಂದನೆ.

ಒಂದನೇ ಕ್ಲಾಸಿನಿಂದಲೂ ಹಾಸ್ಟೆಲ್‌ನಲ್ಲಿ, ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು ನಾನು. ಕನ್ನಡ ತಪ್ಪಾದರೆ ಕ್ಷಮಿಸಿ. ಸಂಘದ ಸ್ಕಾಲರ್‌ಶಿಪ್ ಪಡೆದು ಲಾ ಕಾಲೇಜು ಸೇರಿದವಳಲ್ಲವೇ, "ಕಾರ್ಮಿಕ ಕಾನೂನು ಸಣ್ಣ ಉದ್ಯಮಕ್ಕೆ ಹೊರೆ ಅಂತ ನಾಲ್ಕು ಮಾತು ಆಡಮ್ಮ" ಎಂದರು ಅಧ್ಯಕ್ಷರು. ಹೊರೆಯೇ? ಹೌದು, ಹೊರೆಯೇ. ಆದರೆ ಅದನ್ನು ಹೊತ್ತಿರುವವರು ಯಾರು? ಇದಕ್ಕೆ ಪುಸ್ತಕ ಬೇಕಿಲ್ಲ. ನಮ್ಮ ಶೆಡ್ಡಿನ ನಡುವಿನ ಗೋಡೆಯೇ ಸಾಕು.

ಬಿಳಿಗೆರೆ ರಸ್ತೆಯ ನಮ್ಮ ಶೆಡ್ಡು ನಿಮಗೆಲ್ಲ ಗೊತ್ತು. ಅಟ್ಟದಿಂದ ಇಳಿಸಿದ ಒಣಕಾಯಿಯ ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುವ ಕೆಲಸ. ನಾನು ಐದನೇ ಕ್ಲಾಸಿನ ದಸರಾ ರಜೆಗೆ ಬಂದಾಗ ಮಧ್ಯದಲ್ಲೊಂದು ಗೋಡೆ ಎದ್ದಿತ್ತು. ಈ ಕಡೆ ಅಪ್ಪನ ಹೆಸರಿನ ಬೋರ್ಡು, ಆ ಕಡೆ ಅಜ್ಜಿ ದ್ರಾಕ್ಷಾಯಣಮ್ಮನ ಹೆಸರಿನದು. ತಾವು ಫ್ಯಾಕ್ಟರಿ ಓನರ್ ಎಂದು ಅಜ್ಜಿಗೆ ಗೊತ್ತಾದದ್ದೇ ಬೋರ್ಡು ಬರೆಸಿದ ಮೇಲೆ! ಯಾಕಪ್ಪಾ ಎಂದು ಕೇಳಿದೆ. "ಹತ್ತು ಜನ ಒಂದ್ಕಡೆ ಕೂತ್ರೆ ಇ.ಎಸ್.ಐ. ವಿಮೆ ಕಟ್ಬೇಕು ಕಣಮ್ಮ, ರಿಜಿಸ್ಟರ್ ಇಡ್ಬೇಕು, ಆಫೀಸಿಗೆ ಅಲೀಬೇಕು. ಒಂಬತ್ತೊಂಬತ್ತು ಜನ ಕೂತ್ರೆ ಯಾವ ತಾಪತ್ರಯಾನೂ ಇಲ್ಲ, ಬುಡು."

ಫ್ಯಾಕ್ಟರಿ ಎರಡು, ಸಭಿಕರೇ, ತಕ್ಕಡಿ ಒಂದೇ. ಅದಕ್ಕಾಗಿ ಗೋಡೆಯಲ್ಲೊಂದು ಕಿಂಡಿ. ನಮ್ಮಲ್ಲಿ ಕಾಯಿ ಒಡೆಯುವ ಓರಗಿತ್ತಿಯರಾದ ನಿಂಗಮ್ಮ, ಭೂತಮ್ಮ ಬೇರೆ ಬೇರೆ ಕಂಪನಿಯವರಾಗಿಬಿಟ್ಟರು. "ಏನೇ, ನಿಮ್ ಕಂಪ್ನೀಲಿ ಟೀ ಬಂತೇನೇ?" ಎಂದು ಭೂತಮ್ಮ ಕಿಂಡಿಯಲ್ಲಿ ಕೂಗಿದರೆ, "ನಮ್ ಓನರಮ್ಮ ಇನ್ನೂ ಸ್ನಾನಕ್ಕೋಗವ್ರೆ, ಇರೇ" ಎಂದು ನಿಂಗಮ್ಮ. ಆಗ ನಾನೂ ನಿಮ್ಮ ಹಾಗೆಯೇ ನಕ್ಕಿದ್ದೆ.

ಹೋದ ಯುಗಾದಿಗೆ ಮುಂಚೆ ಮಚ್ಚು ಜಾರಿ ನಿಂಗಮ್ಮನ ಎಡಗೈಯ ಎರಡು ಬೆರಳು ಹೋದವು. ಅಪ್ಪ ತಾವೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದರು, ಖರ್ಚೆಲ್ಲ ಕೊಟ್ಟರು. ನಮ್ಮಪ್ಪ ಕೆಟ್ಟವರಲ್ಲ. ನಮ್ಮಪ್ಪ ಖಂಡಿತ ಕೆಟ್ಟವರಲ್ಲ. ಆದರೆ ಇ.ಎಸ್.ಐ. ಇದ್ದಿದ್ದರೆ ಗಾಯ ಮಾಯುವವರೆಗೆ ಕೂಲಿಯ ಬಹುಪಾಲು, ಆಮೇಲೆ ತಿಂಗಳ ಪಿಂಚಣಿ, ಹಕ್ಕಾಗಿ ಬರುತ್ತಿತ್ತು. ಈಗ ನಿಂಗಮ್ಮ ನಮ್ಮ ಹಿತ್ತಲ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ಅಮ್ಮ ಕೊಟ್ಟಾಗ ಕೊಟ್ಟಷ್ಟು. "ಕೇಳಕ್ಕೆ ನಾಚ್ಕೆ ಆಯ್ತದೆ ಕಣವ್ವ" ಎಂದರು ಮೊನ್ನೆ. ದುಡಿದವರು ಯಾಕೆ ನಾಚಬೇಕು?

ಈಗ ಆರ್ಡರ್ ಹೆಚ್ಚಿದೆ, ಇನ್ನಷ್ಟು ಜನ ಬೇಕು. ನನಗೂ ಹದಿನೆಂಟು ತುಂಬಿದೆ. ಶೆಡ್ಡಿನ ಮುಂದೆ ಇನ್ನೊಂದು ಗೋಡೆಗೆಂದು ಒಂದು ಲೋಡ್ ಇಟ್ಟಿಗೆ ಬಂದು ಬಿದ್ದಿದೆ. "ನಿನ್ ಹೆಸ್ರಲ್ಲೂ ಒಂದು ಬೋರ್ಡು ಹಾಕ್ಸಣ, ಸೈನ್ ಮಾಡಮ್ಮ" ಎಂದು ಅಪ್ಪ ಬೆಳಿಗ್ಗೆ ಕೊಟ್ಟ ಕಾಗದ ಈ ಬ್ಯಾಗಿನಲ್ಲಿದೆ.

ಅಪ್ಪ, ಮೊಬೈಲ್ ಯಾಕೆ ಕೆಳಗಿಳಿಸಿದಿರಿ? ಇದನ್ನೂ ರೆಕಾರ್ಡ್ ಮಾಡಿಕೊಳ್ಳಿ. ನಾನು ಸಹಿ ಹಾಕುವುದಿಲ್ಲ.

ನಮ್ಮ ಕಾಲೇಜಿನ ಮೇಡಂ ಮೊದಲ ತಿಂಗಳಲ್ಲೇ ಪಾಠ ಮಾಡಿದರು: ಯಜಮಾನಿಕೆ, ಲೆಕ್ಕ, ಕೆಲಸ ಒಂದೇ ಆದರೆ, ನಡುವೆ ಎಷ್ಟು ಗೋಡೆ ಕಟ್ಟಿದರೂ ಕಾನೂನಿನ ಕಣ್ಣಿಗೆ ಅದು ಒಂದೇ ಶೆಡ್ಡು. ಅಂದರೆ ಆ ಗೋಡೆ ನಮ್ಮನ್ನೂ ಕಾಯುವುದಿಲ್ಲ.

ನಿಮ್ಮ ಭಯ ಸುಳ್ಳೆನ್ನುವಷ್ಟು ದೊಡ್ಡವಳು ನಾನಲ್ಲ. ಹತ್ತನೆಯವರು ಸೇರಿದ ದಿನದಿಂದ ಸಣ್ಣ ಶೆಡ್ಡಿಗೆ ಕಾಗದಪತ್ರದ ಕೆಲಸವೇ ಇನ್ನೊಂದು ವ್ಯಾಪಾರವಾಗುತ್ತದೆ. ಅಪ್ಪ ಕರೆಂಟ್ ಬಿಲ್ಲಿನ ಪಾಸ್‌ವರ್ಡೇ ಮರೆಯುತ್ತಾರೆ! ಶಾಲು, ಹಾರ ಸ್ವಲ್ಪ ಕಡಿಮೆ ಮಾಡಿ, ಎಲ್ಲ ಶೆಡ್ಡುಗಳಿಗೂ ಸೇರಿ ಸಂಘವೇ ಒಬ್ಬ ಗುಮಾಸ್ತರನ್ನು ಇಡಬಾರದೇ? ಅಲ್ಲಿಯವರೆಗೆ ನಮ್ಮ ಶೆಡ್ಡಿನದನ್ನು ನಾನು ಮಾಡುತ್ತೇನೆ, ಶನಿವಾರದ ರೈಲಿಗೆ ಬಂದು. ರಿಜಿಸ್ಟರಿನಲ್ಲಿ ಮೊದಲ ಹೆಸರು ನಿಂಗಮ್ಮನದು. ತಕ್ಕಡಿ ನೋಡಿಕೊಳ್ಳಲು ಎಂಟು ಬೆರಳು ಸಾಕು.

ಇಟ್ಟಿಗೆ ವಾಪಸ್ ಕಳಿಸಬೇಡಿ ಅಪ್ಪ. ಅಷ್ಟು ಹೆಂಗಸರು ಇವತ್ತಿಗೂ ತೋಟದ ಮರೆಗೆ ಹೋಗುತ್ತಾರೆ. ಒಂದು ಟಾಯ್ಲೆಟ್ ಕಟ್ಟಿಸಿ.

ಸಂಘದ ಋಣ ನನ್ನ ಮೇಲಿದೆ, ಮರೆಯುವುದಿಲ್ಲ. ಮೈಕ್ ಆಫ್ ಮಾಡದೆ ಇಷ್ಟು ಹೊತ್ತು ಕೇಳಿದಿರಿ, ಅದಕ್ಕೂ ಧನ್ಯವಾದ. ಇನ್ನು ಅಪ್ಪನ ಸ್ಕೂಟರಿನಲ್ಲೇ ಮನೆಗೆ ಹೋಗಬೇಕು. ದಾರಿಯುದ್ದಕ್ಕೂ ಬೈಯಲಿ, ಹಿಂದೆ ಕೂತು ಕೇಳಿಸಿಕೊಳ್ಳುತ್ತೇನೆ. ಕಾಗದ ಮಾತ್ರ ಹೇಗೆ ಕೊಟ್ಟರೋ ಹಾಗೇ ಅವರ ಕೈಗೆ.

ನಮಸ್ಕಾರ.